ಪಂಕ್ತಿ

ಬಾಗಿಲಲ್ಲಿ ಏಳು ಜೊತೆ ಬೂಟು. ಹಿಮ ಕರಗಿ
ನೆಲಮಾಳಿಗೆಯ ಸಿಮೆಂಟಿನ ಮೇಲೆ ಏಳು ಸಣ್ಣ ಕೆರೆ.
ತಾರ್ತು ಊರಿನ ಗ್ರಂಥಾಲಯ ಶನಿವಾರ ಮಧ್ಯಾಹ್ನ
ಈ ಕೋಣೆಯನ್ನು ನಮಗೆ ಬಿಟ್ಟುಕೊಡುತ್ತದೆ;
ಬಾಡಿಗೆಗೆ ಬದಲು ಅವರ ಪ್ರಿಂಟರ್ ರಿಪೇರಿ.

ಸಂಬಳ ಯಾರಿಗೂ ಇಲ್ಲ. ಉರ್ವೆ ಬಸ್ಸು ಓಡಿಸುತ್ತಾಳೆ,
ಮೇಲಿಸ್ ಕಟ್ಟುಹಲ್ಲು ಮಾಡುತ್ತಾನೆ,
ಲೇಲೋಗೆ ನಾಳೆ ತಿದ್ದಲು ನಲವತ್ತು ಉತ್ತರಪತ್ರಿಕೆ.
ನಾನು ನಡಾವಳಿ ಬರೆಯುವವಳು,
ಬೇರೇನೂ ಬಾರದವರಿಗೆ ಕೊಡುವ ಕೆಲಸ.

ಇಷ್ಟೇ ನಮ್ಮ ವ್ಯವಹಾರ: ಒಂದು ಕಡತ,
ಅದರಲ್ಲಿ ಮುನ್ನೂರ ಹನ್ನೆರಡು ಪಂಕ್ತಿ,
ಪಂಕ್ತಿಗೊಂದು ತಂತ್ರಾಂಶದ ಹೆಸರು.
ಇಲ್ಲಿ ಹೆಸರಿದ್ದರೆ, ಎಲ್ಲೋ ಯಾರದೋ ಮನೆಯಲ್ಲಿ
ಮೊದಲ ಸಲ ಲಿನಕ್ಸ್ ಹಾಕಿ ಪರದೆ ಬೆಳಗಿದಾಗ
ಅದನ್ನು ಆಗಲೇ ಬಡಿಸಿ ಆಗಿರುತ್ತದೆ.
ಇಲ್ಲದಿದ್ದರೆ ಉಗ್ರಾಣದಲ್ಲಿರುತ್ತದೆ,
ಕೇಳಿದರೆ ಉಂಟು.
ಹೆಸರೇ ಗೊತ್ತಿಲ್ಲದವರು ಏನೆಂದು ಕೇಳಿಯಾರು?

ಇವತ್ತಿನ ತಕರಾರು ಫೋಟೋ ತೋರಿಸುವ ತಂತ್ರಾಂಶದ್ದು.
ಹಳೆಯದು ಹನ್ನೊಂದು ವರ್ಷದಿಂದ ಕೂತಿದೆ.
ಬರೆದವನು ಚಿಲಿಯ ವಾಲ್ಪರೈಸೊದ ಬಾಲ್ತಸಾರ್, ಒಬ್ಬನೇ ಒಬ್ಬ;
ಹತ್ತೊಂಬತ್ತು ತಿಂಗಳಿಂದ ಸುಳಿವಿಲ್ಲ.
ಉದ್ದ ಹೆಸರಿನ ಚಿತ್ರ ಕೊಟ್ಟರೆ ಅದು ಕುಸಿದು ಬೀಳುತ್ತದೆ,
ಫೋನಿನಿಂದ ಬಂದವರನ್ನು ತಲೆಕೆಳಗು ನಿಲ್ಲಿಸುತ್ತದೆ.
ಹೊಸದು ಚೆಂದ. ಆದರೆ ವಲ್ಗಾ ಶಾಲೆಯ ಮುದಿ ಯಂತ್ರಗಳಲ್ಲಿ
ಮದುವಣಗಿತ್ತಿಯಂತೆ ತಲೆಯೆತ್ತಲು ನಲವತ್ತು ಸೆಕೆಂಡು.
“ನಲವತ್ತು ಸೆಕೆಂಡಿನಲ್ಲಿ,” ಲೇಲೋ ಅಂದಳು,
“ಏಳನೇ ತರಗತಿ ನನ್ನ ಕೈತಪ್ಪಿ ಹೋಗಿರುತ್ತದೆ.”

“ಸತ್ತ ಹಲ್ಲು ಇಟ್ಟುಕೊಂಡರೆ ಪಕ್ಕದ್ದೂ ಕೊಳೆಯುತ್ತದೆ.”
“ಮೇಲಿಸ್, ನಿನಗೆ ಎಲ್ಲವೂ ಹಲ್ಲೇ.”
ನಗು. ಮತ್ತೆ ಕಾಫಿ. ಮತ್ತೆ ಅದೇ ಮಾತು,
ಒನಕೆ ಬೇರೆ, ಒರಳು ಅದೇ.
ನಾನು ಬರೆದೆ: ಚರ್ಚೆ ನಡೆಯಿತು.

ಕೈ ಎತ್ತಿಸಿದಾಗ ಅತ್ತ ಮೂರು, ಇತ್ತ ಮೂರು.
(ನನ್ನ ಕೈ ಯಾವ ಕಡೆಗೆಂದು ನಡಾವಳಿಯಲ್ಲಿಲ್ಲ.)
ಉಳಿದವನು ಹೆಲ್ದುರ್.
ಆ ಹಳೆಯದನ್ನು ಕೈಹಿಡಿದು ಕರೆತಂದು
ಇಲ್ಲಿ ಕೂರಿಸಿದವನೇ ಅವನು,
ವಾದಿಸಿ, ಮುನಿಸಿಕೊಂಡು, ಒಂದಿಡೀ ಚಳಿಗಾಲ ಮಾತು ಬಿಟ್ಟು.
ಅವನ ಕೈ ಎತ್ತ ಏಳುತ್ತದೆಂದು ಎಲ್ಲರಿಗೂ ಗೊತ್ತು.
ಅದಕ್ಕೇ ಯಾರೂ ಅವನ ಮುಖ ನೋಡಲಿಲ್ಲ.

ಕನ್ನಡಕ ಒರೆಸಿಕೊಂಡ. “ತೆಗೆಯೋಣ,” ಅಂದ.
“ಮೂರು ತಿಂಗಳಿಂದ ಮೊಮ್ಮಗಳನ್ನು
ಕತ್ತು ವಾಲಿಸಿಯೇ ನೋಡುತ್ತಿದ್ದೇನೆ.
ಅವಳು ಇರುವುದೇ ಹಾಗೆ ಅನ್ನಿಸಲು ಶುರುವಾಗಿತ್ತು.
ಆದರೆ ಪಂಕ್ತಿಯಿಂದ ನಾನೇ ಎಬ್ಬಿಸುತ್ತೇನೆ.”

ಪಂಕ್ತಿಯಿಂದ ಎಬ್ಬಿಸುವುದು ಸಣ್ಣ ಮಾತಲ್ಲ,
ಯಾವ ಊರಲ್ಲೂ, ಯಾವ ಊಟದಲ್ಲೂ.
ಎದ್ದು ಹೋದವರ ಜಾಗ ಒಂದು ಗಳಿಗೆ
ಬಾಯಿ ತೆರೆದುಕೊಂಡೇ ಇರುತ್ತದೆ.
ಕಡತದಲ್ಲಿ ಅದೂ ಇಲ್ಲ. ಅವನ ಬೆರಳು ಒತ್ತಿದ್ದೇ ತಡ
ಕೆಳಗಿನ ಪಂಕ್ತಿ ಮೇಲೆ ಸರಿದು ಕೂತಿತು,
ಅಲ್ಲೇ ಹುಟ್ಟಿದ ಹಾಗೆ.

ಹೊರಗೆ ನದಿ ಹೆಪ್ಪುಗಟ್ಟಿತ್ತು.
ಹೆಲ್ದುರ್ ಬೂಟಿನ ದಾರ ಕಟ್ಟಲು ಬಹಳ ಹೊತ್ತು ಮಾಡಿದ.
ಸೋತ ಲೇಲೋ ಪಕ್ಕದಲ್ಲಿ ನಿಂತು ಮೆಲ್ಲಗೆ ಅಂದಳು:
“ವಲ್ಗಾಕ್ಕೆ ನಾನೇ ಹೋಗಿ ಉಗ್ರಾಣದಿಂದ ತೆಗೆದು ಹಾಕುತ್ತೇನೆ,
ಒಂದೊಂದಕ್ಕೂ. ಹದಿನಾಲ್ಕೇ ಅಲ್ಲವೇ ಇರುವುದು.”
ಅವನು ತಲೆಯೆತ್ತಲಿಲ್ಲ. ಗಂಟು ಬಿಚ್ಚಿ ಮತ್ತೆ ಹಾಕಿದ.

ರೂಢಿಯಂತೆ ನಡಾವಳಿಯ ಒಂದು ಪ್ರತಿ
ವಾಲ್ಪರೈಸೊಗೂ ಕಳಿಸಿದೆ.
ಅಲ್ಲಿ ಈಗ ಬೇಸಿಗೆ ಇರಬೇಕು.
ಮೂರನೆಯ ದಿನ ಉತ್ತರ ಬಂತು,
ನಮಸ್ಕಾರವಿಲ್ಲ, ಸಹಿಯಿಲ್ಲ, ಒಂದೇ ಪಂಕ್ತಿ:
“ಇಷ್ಟು ದಿನ ಇತ್ತೇ ಅದು, ಅಲ್ಲಿ?”