ಕಟ್ಟಿದ ಮೇಲಿನ ನಕ್ಷೆ

ಕಾರವಾರದ ನಗರಸಭೆಯ ಎದುರು
ಝೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ ನನ್ನದೊಂದು ಇಳಿಜಾರು ಮೇಜು.
ಮನೆ ಮುಗಿದ ಮೇಲೆ ನಾನು ನಕ್ಷೆ ಬರೆಯುತ್ತೇನೆ,
ನಡೆದಾಡುವ ಮಗುವಿಗೆ ಬಸುರಿನ ತಿಂಗಳು ಎಣಿಸಿದ ಹಾಗೆ.
ಈ ಗೋಡೆ ‘ಬರಲಿದೆ’. ಈ ಬಾಗಿಲು ‘ಉದ್ದೇಶಿತ’.
ಬಾಗಿಲಿಗೆ ಆಗಲೇ ಮೂರು ಸಲ ಬಣ್ಣ ಬಳಿದಾಗಿದೆ.

ಅಕ್ರಮ-ಸಕ್ರಮದ ಅರ್ಜಿ ಕರೆದ ವರ್ಷ
ಮೇಜಿನ ಮುಂದೆ ರೇಷನ್ ಅಂಗಡಿಯಷ್ಟು ಸಾಲು.
ಬೈತಖೋಲದ ಶೇವಂತಿ ಹರಿಕಂತ್ರ
ಮೀನಿನ ಬುಟ್ಟಿ ಮೆಟ್ಟಿಲ ಮೇಲಿಟ್ಟು ಒಳಗೆ ಬಂದಳು.
ಕರೆಂಟ್ ಬಿಲ್ಲು, ಕರ ಕಟ್ಟಿದ ರಸೀದಿ,
ಹಾಳೆಹಾಳೆಗೂ ಉಪ್ಪಿನ ಪಸೆ.
“ಮೇಸ್ತರೆ, ನಮ್ಮದನ್ನೂ ಒಂದು ಸಕ್ರಮ ಮಾಡಿ.”

ಟೇಪು ಹಿಡಿದು ಗುಡ್ಡ ಹತ್ತಿದೆ.
ನೆಲ ತಿರುಗಿದ ಕಡೆ ತಿರುಗಿದ ಮನೆ,
ಮೂಲೆಗೆ ಗುಣಿ ಹಿಡಿದರೆ ಗುಣಿಯೇ ನಾಚಬೇಕು.
ಏಳನೇ ಕಲಮು: ಕಟ್ಟಿದ ವರ್ಷ.
ಅವಳು ಬೆರಳು ಮಡಚಿದಳು.
ಅಡಿಗೆ ಖೋಲಿ, ಬಂಗುಡೆ ಬಲೆ ಹರಿಯುವಷ್ಟು ಬಿದ್ದ ವರ್ಷ.
ಪಾಯಖಾನೆ, ಮಗಳು ದೊಡ್ಡವಳಾದ ತಿಂಗಳು.
ಮೆಟ್ಟಿಲು, ಮಹಡಿ ಬರುತ್ತದೆಂದು.
ಬರಲಿಲ್ಲ. ಎಂಟು ಮೆಟ್ಟಿಲು ಹತ್ತಿದರೆ
ಒಣಹಾಕಿದ ಸಿಗಡಿ, ಕಾವಲಿಗೆ ಕೋಲು, ಕಾಯುವ ಬೆಕ್ಕು.

ಬಲಕ್ಕೆ ಒಂದು ಮೀಟರು ಬಿಡಬೇಕು.
ಬಲಕ್ಕಿರುವುದು ಇನಾಸನ ಗೋಡೆ, ಅದೇ ಇವಳದ್ದೂ.
ಅವರ ಸಂಜೆಯ ತೇರ್ಸು ಇವಳ ಒಗ್ಗರಣೆಗೆ ಕೇಳುತ್ತದೆ.
ಇಬ್ಬರ ನಕ್ಷೆಯನ್ನೂ ಬರೆದವನು ನಾನು;
ಒಂದೇ ಗೋಡೆಗೆ ಎರಡು ಸಲ ದುಡ್ಡು ತೆಗೆದುಕೊಂಡಿದ್ದೇನೆ.

ಪಡುವಣ ಗೋಡೆಯ ಹತ್ತಿರ ಅವಳ ದನಿ ಇಳಿಯಿತು.
“ಇದು ಎರಡೇ ರಾತ್ರಿಯದ್ದು.
ಶನಿವಾರ ಕಚೇರಿ ಮುಚ್ಚಿದ ಮೇಲೆ ಶುರು.
ಸೋಮವಾರ ಅವರು ಬೀಗ ತೆಗೆಯುವುದರೊಳಗೆ
ಗೋಡೆ ನಿಂತಿರಬೇಕು; ನಿಂತದ್ದನ್ನು ಬೀಳಿಸಲು ನೋಟೀಸು ಬೇಕಲ್ಲ.
ಚಿರೆಕಲ್ಲು ಹೊತ್ತವರು ಬೀಡಿ ಸಹ ಹಚ್ಚಲಿಲ್ಲ.
ಕಿಟಕಿಗೆ ಪುರುಸೊತ್ತೆಲ್ಲಿತ್ತು?”
ಒಳಗೆ ನಡುಮಧ್ಯಾಹ್ನಕ್ಕೂ ಬಲ್ಬು ಉರಿಯುತ್ತಿತ್ತು.

ಶೇಕಡಾ ಐವತ್ತರೊಳಗಿನ ತಪ್ಪಿಗೆ ದಂಡ,
ಅದರಾಚೆಯದಕ್ಕೆ ಕ್ಷಮೆಯಿಲ್ಲ.
ಅವಳ ತಪ್ಪು ನಲವತ್ತೊಂಬತ್ತಕ್ಕೆ ಬಂತು.
ಬಂತು ಅಂದರೆ, ತಂದೆ.
ಅವಳು ಹಾಳೆಯ ಮೇಲೆ ಬಗ್ಗಿ ನೋಡಿದಳು.
“ಹೇಗೂ ಸುಳ್ಳು ಬರೀತೀರಿ. ಆ ಗೋಡೆಗೊಂದು ಕಿಟಕಿ ಬರೆಯಿರಿ.”
ಬರೆದೆ. ಮೂರಡಿ ಅಗಲ, ನಾಲ್ಕಡಿ ಎತ್ತರ.
ಗಾಜು, ಸರಳು ಎಲ್ಲ ಪೆನ್ಸಿಲಿನಲ್ಲಿ. ಅದಕ್ಕೆ ದುಡ್ಡು ಹಿಡಿಯಲಿಲ್ಲ.

ಸ್ಥಳ ತನಿಖೆಗೆ ಬಂದವಳು ಹೊಸ ಇಂಜಿನಿಯರು,
ಬಯಲುಸೀಮೆಯ ಹುಡುಗಿ, ಮೂಗಿಗೆ ದುಪಟ್ಟಾ.
ಇಂಥವರು ಯಾರೂ ಗೋಡೆ ಮುಟ್ಟಿ ನೋಡುವುದಿಲ್ಲ.
ಇವಳು ಮುಟ್ಟಿದಳು.
“ನಕ್ಷೆಯಲ್ಲಿ ಇಲ್ಲಿ ಕಿಟಕಿ ಇದೆ, ಮನೆಯಲ್ಲಿ ಇಲ್ಲ.
ಎರಡೂ ಹೊಂದಬೇಕು. ಹದಿನೈದು ದಿನ ಕೊಡುತ್ತೇನೆ.”
ನನ್ನ ಬೆನ್ನಲ್ಲಿ ಬೆವರು ಇಳಿಯಿತು.
ಶೇವಂತಿ ನನ್ನ ಕಡೆ ನೋಡಲಿಲ್ಲ, “ಆಯ್ತು ಬಾಯಿ” ಅಂದಳು,
ಅಷ್ಟೇ. ಬಾಯಿಯ ಒಂದು ಮೂಲೆ ಮಾತ್ರ ಅಲುಗಿತು.

ಇನಾಸನ ಮಗ ಸುತ್ತಿಗೆ ಉಳಿ ತಂದ.
ಬೆಳಿಗ್ಗೆ ಹತ್ತು ಗಂಟೆಗೆ, ಕಚೇರಿ ತೆರೆದಿರುವಾಗ,
ದಾರಿಯಲ್ಲಿ ಹೋಗುವವರೆಲ್ಲ ನೋಡುವಾಗ
ಠಣ್ ಠಣ್ ಎಂದು ಹೊಡೆದರು.
ಆ ಮನೆಯಲ್ಲಿ ಹಗಲಲ್ಲಿ ಕೆಲಸ ನಡೆದದ್ದು ಅದೇ ಮೊದಲು.
ಕೆಂಪು ಧೂಳು ಅಡಿಗೆಯ ಪಾತ್ರೆಗಳ ಮೇಲೆಲ್ಲ ಕೂತಿತು,
ಅವಳು ಮುಚ್ಚಲೂ ಹೋಗಲಿಲ್ಲ.

ಆಮೇಲೆ ಯೋಜನೆಗೆ ಕೋರ್ಟಿನಿಂದ ತಡೆ ಬಂತು.
ಫೈಲು ಯಾವ ಕಪಾಟಿನಲ್ಲಿದೆಯೋ, ಕೇಳಿದರೆ ‘ಮೇಲೆ’ ಅನ್ನುತ್ತಾರೆ.
ಅವಳ ಕೈಯಲ್ಲಿ ಉಳಿದದ್ದು ಒಂದು ರಸೀದಿ,
ಪ್ಲಾಸ್ಟಿಕ್ ಚೀಲದಲ್ಲಿ, ದೇವರ ಪಟದ ಹಿಂದೆ.

ಮೊನ್ನೆ ಮೀನಿಗೆಂದು ಹೋದಾಗ ಕಿಟಕಿಯಿಂದಲೇ ಕರೆದಳು.
ಅದರಾಚೆ ಕಾಣುವುದು ಡೀಸೆಲ್ ಪಂಪು,
ಬಂದರಿನ ದೋಣಿಗಳ ಬೆನ್ನು, ಸಮುದ್ರದ ಒಂದು ಚೂರು.
ಬಲ್ಬು ಆರಿತ್ತು.
ಅವಳು ಬಂಗುಡೆ ಕೊಯ್ಯುತ್ತಿರುವಾಗ
ಅಭ್ಯಾಸಬಲ, ಟೇಪು ತೆಗೆದು ಹಿಡಿದೆ:
ಮೂರಡಿ ಎರಡಿಂಚು.
“ಏನಂತೆ?” ಅಂದಳು, ಕತ್ತಿ ನಿಲ್ಲಿಸದೆ.
ಏನಿಲ್ಲ ಅಂದೆ.