ಉಬ್ಬೆ

ಎಲೆ ಅರ್ಧ ಗ್ರಾಂ. ಒಂದು ನವಿರು ಹೆಚ್ಚಾದರೂ
ತಕ್ಕಡಿಯ ಅಂಕಿ ಸುಮ್ಮನಿರುವುದಿಲ್ಲ.
ಪಿಂಗಾಣಿ ಒರಳಿಗೆ ಹಾಕಿ, ಆಮ್ಲ ಹನಿಸಿ ಅರೆದರೆ
ಮೊದಲು ದಂಟಿನ ಸೊಪ್ಪು ನುರಿದ ವಾಸನೆ,
ಆಮೇಲೆ ಮೂಗು ಚುಚ್ಚುವ ಇನ್ನೊಂದು.
ಹಾಸನದ ಈ ಲ್ಯಾಬಿನಲ್ಲಿ ಇದು ನನ್ನ ಹನ್ನೊಂದನೇ ವರ್ಷ.
ಹಾಜರಿ ಪುಸ್ತಕದಲ್ಲಿ ಜಯಶೀಲ, ಸಹಾಯಕಿ, ದಿನಗೂಲಿ.

ಎಲೆ ನಮ್ಮ ಹಿತ್ತಲಿನ ಕುಂಡಗಳದ್ದು,
ಕುಂಡದ ಮಣ್ಣು ಹೊಳೆನರಸೀಪುರದ ಕಡೆಯದು,
ಹೇಮಾವತಿಯ ನಾಲೆ ಸುಸ್ತಾಗಿ ಮುಗಿಯುವ ಬಾಲದ್ದು.
ಅಲ್ಲಿ ನೀರು ಬರುತ್ತದೆ, ಹೋಗುವುದಕ್ಕೆ ದಾರಿಯಿಲ್ಲ.
ನಿಂತದ್ದು ಕೆಳಗೆ ಮಲಗಿದ ಉಪ್ಪನ್ನು ಎಬ್ಬಿಸಿ
ಮೇಲಕ್ಕೆ ತಂದು ಕೂರಿಸುತ್ತದೆ.
ಶಿವರಾತ್ರಿ ಹೊತ್ತಿಗೆ ಗದ್ದೆ ಬಿಳಿಚಿಕೊಂಡಿರುತ್ತದೆ,
ಯಾರೋ ರಂಗೋಲಿ ಡಬ್ಬ ಕೈಜಾರಿ ಚೆಲ್ಲಿದಂತೆ.

ಉಪ್ಪು ತಿಂದವನು ನೀರು ಕುಡಿಯಬೇಕು, ಸರಿ.
ಮೊಣಕಾಲುದ್ದ ನೀರಲ್ಲಿ ನಿಂತೇ
ಒಂದು ಗುಟುಕು ಎಳೆದುಕೊಳ್ಳಲಾಗದ ಭತ್ತಕ್ಕೆ
ಗಾದೆಯಲ್ಲಿ ಜಾಗವಿಲ್ಲ.
ಹೊರಗಿನ ನೀರು ಉಪ್ಪಿನ ಕಡೆಯವರದ್ದು;
ಅದನ್ನು ಒಳಕ್ಕೆ ಕರೆಯಬೇಕಾದರೆ
ಒಳಗೂ ಏನಾದರೂ ಕರಗಿರಬೇಕು.
ಅದಕ್ಕೇ ಪೈರು ಕಾಳಿಗೆ ಕಳಿಸಬೇಕಾದ ಸಕ್ಕರೆಯನ್ನು
ತನ್ನಲ್ಲೇ ಕದಡಿಕೊಳ್ಳುತ್ತದೆ,
ಪ್ರೋಲಿನ್ ಎಂಬ ಸಣ್ಣದೊಂದನ್ನು ಕಟ್ಟುತ್ತದೆ, ಕಟ್ಟುತ್ತಲೇ ಇರುತ್ತದೆ.
ನುಗ್ಗಿ ಬಂದ ಸೋಡಿಯಂ ಅನ್ನು ಹಳೆಯ ಎಲೆಗಳಿಗೆ ತಳ್ಳುತ್ತದೆ,
ಅವು ತುದಿಯಿಂದ ಸುಟ್ಟುಕೊಂಡು ಬರುತ್ತವೆ.
ಹುಡುಗನೊಬ್ಬ ಸೆಮಿನಾರಿನಲ್ಲಿ ಇದನ್ನು ತ್ಯಾಗ ಅಂದ.
ಫರ್ಹಾನಾ ಮೇಡಂ ಕನ್ನಡಕ ತೆಗೆದು,
'ತ್ಯಾಗ ಅಲ್ಲಪ್ಪ, ಲೆಕ್ಕ.'

ಸೋಸಿದ ರಸಕ್ಕೆ ನಿನ್‌ಹೈಡ್ರಿನ್ ಬೆರೆಸಿ
ಕುದಿನೀರಲ್ಲಿ ಒಂದು ಗಂಟೆ.
ಆ ಒಂದು ಗಂಟೆ ನನ್ನದು.
ಹಬೆ ಮುಖಕ್ಕೆ ಹೊಡೆಯುವಾಗ ಅಜ್ಜಿ ಬರುತ್ತಾಳೆ,
ಮಡಿವಾಳರ ಚೆಲುವಮ್ಮ,
ಇದೇ ಸೀಮೆಯ ಚೌಳು ಮಣ್ಣನ್ನು ಕೆರೆದು
ಕತ್ತೆಯ ಮೇಲೆ ಹೇರಿ ತಂದು
ಇಡೀ ಊರಿನ ಬಟ್ಟೆಗೆ ಉಬ್ಬೆ ಹಾಕಿದವಳು.
ಮಣ್ಣನ್ನು ಒಂಚೂರು ನಾಲಿಗೆಗೆ ತಾಗಿಸಿ
'ಇದು ಕಡು, ಇದು ಸಪ್ಪೆ' ಅನ್ನುತ್ತಿದ್ದಳು.
ನಮ್ಮ ಮೀಟರಿಗೆ ಎರಡು ಬ್ಯಾಟರಿ ಬೇಕು.
ಅವಳ ಬೆರಳ ಸಂದಿಯಲ್ಲಿ ಚರ್ಮ ನಿಂತದ್ದೇ ಇಲ್ಲ.
'ಕೊಳೆ ಯಾವ್ದು ಬಟ್ಟೆ ಯಾವ್ದು
ಚೌಳಿಗೆ ಗೊತ್ತಾಗಕಿಲ್ಲ ಕನವ್ವ,
ನಾವೇ ಗಳಿಗೆ ನೋಡಿ ಎತ್ತಬೇಕು.'

ಗಂಟೆಯಾಯಿತು. ಮಂಜುಗಡ್ಡೆಗೆ ಇಳಿಸಿ
ಟಾಲ್ವಿನ್ ಸುರಿದು ಅಲುಗಿಸಿ ಬಿಟ್ಟರೆ
ಬಣ್ಣ ಮೇಲೆದ್ದು ನಿಲ್ಲುತ್ತದೆ.
ಇಪ್ಪತ್ತನಾಲ್ಕು ಕೊಳವೆಯಲ್ಲೂ ಗುಲಾಬಿ,
ಹದಿನೇಳನೆಯದು ಮಾತ್ರ ದಾಸವಾಳ.
ಹೊಸದಾಗಿ ಸೇರಿದ ಹುಡುಗಿ ಚಪ್ಪಾಳೆ ತಟ್ಟಿದಳು,
ಸಿಕ್ಕಿತು, ಉಪ್ಪನ್ನು ಗೆಲ್ಲುವ ತಳಿ!
ನಾನು ಹಿತ್ತಲಿಗೆ ಹೋಗಿ ಬಂದೆ.
ಹದಿನೇಳು ಆಗಲೇ ಕುಂಡದ ಅಂಚಿಗೆ ಒರಗಿತ್ತು.

ಐದನೆಯದರ ಬಣ್ಣ ಬಂದೂ ಬಾರದ ಹಾಗೆ,
ಒಗೆದ ರವಿಕೆಯಲ್ಲಿ ಉಳಿದ ಕುಂಕುಮದಷ್ಟು.
ಅದರತ್ತ ಯಾರೂ ನೋಡಲಿಲ್ಲ.
ಅದು ತೋಪೇಗೌಡರು ಹೆಸರು ಗೊತ್ತಿಲ್ಲ ಅನ್ನುತ್ತಾ
ಟವೆಲ್ಲಿನ ತುದಿಗೆ ಗಂಟು ಹಾಕಿ ತಂದುಕೊಟ್ಟ ಭತ್ತ.
ಅದರ ಕುಂಡದಲ್ಲಿ ಆರು ತೆಂಡೆ, ನೆಟ್ಟಗೆ.
ಬೇರಿನ ಬಾಗಿಲ ಮೇಲೆ ಉಪ್ಪಿಗೆ
'ನಾಳೆ ಬಾ' ಎಂದು ಬರೆದುಕೊಂಡಿರಬೇಕು,
ಒಳಗೆ ಮದ್ದು ಅರೆಯುವ ಕೆಲಸವೇ ಅಷ್ಟಾಗಿ ಬಿದ್ದಿಲ್ಲ.

ಮೇಡಂಗೆ ಹೇಳಿದೆ. ಎರಡೂ ಕೊಳವೆಗಳನ್ನು
ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ಮಾತಾಡಲಿಲ್ಲ.
'ಇನ್ನೊಂದ್ಸಲ ಮಾಡೋಣ ಜಯಶೀಲ,
ಈ ಸಲ ಬೇರಿಂದಾನೂ ತಗೊಳ್ಳಿ.'

ಸಂಜೆ ಗಾಜು ತೊಳೆಯುವ ಪಾಳಿ.
ಹದಿನೇಳರ ಕೆಂಪನ್ನು ತ್ಯಾಜ್ಯದ ಸೀಸೆಗೆ ಬಗ್ಗಿಸುವಾಗ
ಕೈ ಸ್ವಲ್ಪ ತಡೆಯಿತು.
ಎಷ್ಟೊಂದು ಕಟ್ಟಿಕೊಂಡಿತ್ತು, ಎಷ್ಟು ಬೇಗ.
ಯಾರೂ ಗಳಿಗೆ ನೋಡಿ ಎತ್ತಲಿಲ್ಲ.