ಎರಡನೇ ಕಾರ್ಡು

ವಿಲ್ಸನ್, ಮೊದಲು ಕಪಾಟಿನೊಳಗಿನ ಬಲ್ಬು ಆರಿಸು.
ಹದಿನೈದು ವ್ಯಾಟಿನ ಆ ಹಳದಿ ಮಿಣುಕು
ಜೂನ್ ಒಂದರಿಂದ ದೀಪಾವಳಿ ತನಕ
ಲೆನ್ಸುಗಳಿಗೆ ಬಾಣಂತಿ ಕೋಣೆಯ ಅಗ್ಗಿಷ್ಟಿಕೆ.
ಸಾಗರದ ಗಾಳಿಗೆ ಗಾಜೂ ಬೂಸ್ಟು ಹಿಡಿಯುತ್ತದೆ,
ಮುಚ್ಚಳ ಸಡಿಲಾದ ಉಪ್ಪಿನಕಾಯಿಯ ಹಾಗೆ.
ಆ ಉದ್ದನೆಯ ಲೆನ್ಸಿಗೆ ಇನ್ನೂ ಹನ್ನೊಂದು ಕಂತು ಬಾಕಿ.
ಬೂಸ್ಟಿಗೆ ಅದೆಲ್ಲ ಗೊತ್ತಿಲ್ಲ.

ತುಳಸಿ ಪೂಜೆ ಕಳೆದು ಮೊದಲ ಮದುವೆ.
ನಿನಗಂತೂ ಇದೇ ಮೊದಲು.
ಬ್ಯಾಟರಿ ನಾಲ್ಕು. ಕಾರ್ಡು ಎರಡು,
ಒಂದೇ ಚಿತ್ರ ಎರಡರಲ್ಲೂ ಬೀಳುವ ಹಾಗೆ.
ಯಾಕೆ ಅಂತ ಸಂಜೆ ಹೇಳುತ್ತೇನೆ.
ಬೇಡ, ವ್ಯಾನು ಬರುವುದರೊಳಗೆ ಹೇಳಿಬಿಡುತ್ತೇನೆ.

ಬಾಗಿಲಲ್ಲೇ ಕೇಳುತ್ತಾರೆ, "ಫೋಟೋದವರು ಬರಲಿಲ್ವಾ?"
ನನ್ನ ಹೆಗಲ ಚೀಲ ನೋಡಿಕೊಂಡೇ ಕೇಳುತ್ತಾರೆ.
ನಿನ್ನ ಕಡೆ ತಿರುಗಿ "ಬನ್ನಿ ಸಾರ್" ಅನ್ನುತ್ತಾರೆ.
ನೀನು ಟ್ರೈಪಾಡು ಎತ್ತಿಕೊಂಡು ಸುಮ್ಮನೆ ನನ್ನ ಹಿಂದೆ ಬಾ.
ಹತ್ತೊಂಬತ್ತು ವರ್ಷದಿಂದ ಹೀಗೇ.
ಧಾರೆ ಮುಗಿಯುವ ಹೊತ್ತಿಗೆ ತಿಳಿಯುತ್ತದೆ
ಸಾರ್ ಯಾರು ಅಂತ.

ಊಟ ಕೊನೆಯ ಪಂಕ್ತಿಯಲ್ಲಿ, ಹೋಳಿಗೆ ಮುಗಿದ ಮೇಲೆ.
ಪ್ರತಿ ಮದುವೆಯಲ್ಲೂ ಒಬ್ಬರು ಅಳಿಯಂದಿರು ಇರುತ್ತಾರೆ,
ನಿನ್ನ ಲೆನ್ಸಿಗೆ ಅಡ್ಡ ಮೊಬೈಲು ಎತ್ತಿ
"ಇದರಲ್ಲೇ ಚೆನ್ನಾಗಿ ಬರುತ್ತಪ್ಪ" ಅನ್ನುವವರು.
ಜಗಳ ಬೇಡ. ಮೊದಲು ಅವರದೇ ಒಂದು ತೆಗಿ,
ಹೊಟ್ಟೆ ಕಾಣದ ಹಾಗೆ.
ಆಮೇಲೆ ದಾರಿ ಬಿಡುತ್ತಾರೆ.

ಮದುಮಗಳ ಚಿಕ್ಕಮ್ಮ ಕಿವಿಯಲ್ಲಿ ಉಸುರುತ್ತಾಳೆ,
"ಸ್ವಲ್ಪ ಬೆಳ್ಳಗೆ ಮಾಡಿ."
ಹೂಂ ಅನ್ನಬೇಡ, ಉಹೂಂ ಅಂತಲೂ ಬೇಡ.
ಬೆಳಕು ಎಲ್ಲಿದೆ ನೋಡಿ ಹುಡುಗಿಯನ್ನು ಅಲ್ಲಿ ನಿಲ್ಲಿಸು.
ಅಲಂಕಾರದ ಕೋಣೆಯಲ್ಲಿ ಅವಳು ಅತ್ತರೆ
ಕ್ಯಾಮೆರಾ ಇಳಿಸು.
ಆ ಅಳುವಿಗೆ ಯಾರೂ ಅಡ್ವಾನ್ಸ್ ಕೊಟ್ಟಿಲ್ಲ.

ಈಗ ಕೇಳು. ಒಂದೇ ಕಾರ್ಡಿನ ಕ್ಯಾಮೆರಾ ಇದ್ದ ಕಾಲ.
ತಾಳಗುಪ್ಪದ ಆಚೆ, ಕೆರಿಯಪ್ಪನವರ ಮಗಳ ಮದುವೆ.
ಧಾರೆ ಎರೆಯುವಾಗ ಆ ಮನುಷ್ಯನ ಕೈ ನಡುಗಿ
ನೀರು ಹರಿವಾಣ ತಪ್ಪಿ ಪಂಚೆಯ ಮೇಲೆ ಬಿತ್ತು.
ನಕ್ಕರು, ನಗುತ್ತಲೇ ಅತ್ತರು.
ಒತ್ತಿದೆ. ಸಿಕ್ಕಿದ್ದು ಬೆರಳಿಗೆ ಗೊತ್ತಾಗುತ್ತದೆ.

ರಾತ್ರಿ ಕಂಪ್ಯೂಟರು ಆ ಕಾರ್ಡು ಓದಲಿಲ್ಲ.
ದುರಸ್ತಿಗೆ ಕಳಿಸಿದೆ. ವಾಪಸು ಬಂದದ್ದು
ಬೂದು ಪಟ್ಟೆ, ಅರ್ಧ ತೋರಣ, ಯಾರದೋ ಒಂದು ಮೊಣಕೈ.

ನಮ್ಮ ಕಸುಬಿನ ಹಿರಿಯರೊಬ್ಬರು ಹೇಳಿಕೊಟ್ಟರು,
"ಆಲ್ಬಮ್ಮಿನಲ್ಲಿ ಆರತಕ್ಷತೆ ತುಂಬಿಸಿ.
ಪುಟ ದಪ್ಪ ಇದ್ದರೆ ಯಾರು ಎಣಿಸ್ತಾರೆ?"

ಬಸ್ಸು ಹತ್ತಿ ಹೋದೆ. ಜಗಲಿಯ ಕೆಳಗೆ ನಿಂತೇ ಹೇಳಿದೆ.
ಅಡ್ವಾನ್ಸ್ ಹನ್ನೆರಡು ಸಾವಿರ, ಕವರಿನಲ್ಲಿ.
ಬಂಗಾರಮ್ಮ ಎಣಿಸಿ ತಗೊಂಡರು. ಆಸರಿಗೆ ಕೇಳಲಿಲ್ಲ.
ಕೆರಿಯಪ್ಪ ಮಾತ್ರ,
"ಹೋಗ್ಲಿ ಬಿಡಿ, ನನ್ನ ಮೂತಿ ಏನ್ ನೋಡೋದು" ಅಂದರು.

ಆಷಾಢದಲ್ಲಿ ಒಂದು ರಾತ್ರಿ ಮಲಗಿದವರು
ಬೆಳಿಗ್ಗೆ ಏಳಲಿಲ್ಲ.

ಹದಿಮೂರು ಕಳೆದು ಬಂಗಾರಮ್ಮ ಬಂದರು,
ನೀನು ಕೂತಿದ್ದೀಯಲ್ಲ, ಆ ಬೆಂಚು.
"ಗೋಡೆಗೆ ಒಂದು ಬೇಕಿತ್ತು."
ಹುಡುಕಿದೆ. ಇತ್ತು.
ಧಾರೆ ಮುಗಿದು ಕಾರ್ಡು ಬದಲಿಸಿದ ಕೂಡಲೇ
ಬೆಳಕು ಅಳೆಯಲು ಸುಮ್ಮನೆ ಒತ್ತಿದ್ದು.
ಅಂಚಿನಲ್ಲಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೆರಿಯಪ್ಪ,
ಒದ್ದೆ ಪಂಚೆಯ ತುದಿ ಹಿಂಡುತ್ತ, ಯಾರನ್ನೂ ನೋಡದೆ.
ಫೋಕಸ್ಸು ಅವರ ಮೇಲಿಲ್ಲ,
ಹಿಂದಿನ ಬಾಳೆಕಂಬದ ಮೇಲಿದೆ.
ನೂರು ಸಲ ಅಳಿಸಬೇಕಾಗಿದ್ದ ಚಿತ್ರ.

ಬಂಗಾರಮ್ಮ ಕನ್ನಡಕ ಒರೆಸಿ ನೋಡಿದರು. "ಇದೇ ಕೊಡಿ."
ಹಣ ಬೇಡ ಅಂದೆ. ಕೇಳಲಿಲ್ಲ.
ಫ್ರೇಮಿಗೆ ಮುನ್ನೂರು ಅಂದೆ.
ಇನ್ನೂರೆಂಬತ್ತು ಅಂದರು, ಗಟ್ಟಿಯಾಗಿ,
ಎಲ್ಲ ಗಿರಾಕಿಗಳ ಹಾಗೆ.
ಆ ಇಪ್ಪತ್ತು ರೂಪಾಯಿಗೆ, ವಿಲ್ಸನ್,
ಎರಡು ತಿಂಗಳಿನಿಂದ ಕಟ್ಟಿದ್ದ ಉಸಿರು ಬಿಟ್ಟೆ.

ಹಾರ್ನು ಕೇಳಿಸಿತಾ? ಹೊರಡು.
ಕಾರ್ಡು ಎರಡೂ ಇವೆಯಾ, ಮತ್ತೊಮ್ಮೆ ತೆಗೆದು ನೋಡು.
ನೀನು ನೋಡಿದೆ ಅಂತ ನಾನು ನಂಬಿದೆ ಅನ್ನಬೇಡ,
ನನಗೂ ತೋರಿಸು.

ಬಲ್ಬು ಆರಿಸಲೇ ಇಲ್ಲವಲ್ಲೋ ಇನ್ನೂ.